ಪಿಕಪ್ ಗಾಡಿಯಲ್ಲಿ ಡೀಸೆಲ್ ಉಳಿತಾಯ: ಖಾನಾಪುರದ ಹೊಲದಿಂದ ಬೆಳಗಾವಿಯ ಪೇಟೆಯವರೆಗೆ
(ಭಾಷಣದ ಲೇಖನರೂಪ)



ಬೆಳೆ ಬೆಳೆಯುವುದು ಒಂದು ಕೆಲಸ, ಬೆಳೆದುದನ್ನು ಪೇಟೆಗೆ ಮುಟ್ಟಿಸುವುದು ಇನ್ನೊಂದು ಕೆಲಸ. ಬೀಜ, ಗೊಬ್ಬರ, ಔಷಧಿ, ಕೂಲಿ ಇವುಗಳ ಖರ್ಚನ್ನು ರೈತ ಬೆರಳೆಣಿಸಿ ಲೆಕ್ಕ ಹಾಕುತ್ತಾನೆ. ಆದರೆ ಮಾಲು ಹೊಲದ ಬದುವಿನಿಂದ ಪೇಟೆಯ ಕಟ್ಟೆಗೆ ಹೋಗುವಾಗ ಆಗುವ ಖರ್ಚನ್ನು ಮಾತ್ರ ‘ಅದು ಆಗಿಯೇ ಆಗುವ ಖರ್ಚು’ ಎಂದು ಕೈಬಿಡುತ್ತಾನೆ. ಈ ಖರ್ಚಿನ ದೊಡ್ಡ ಪಾಲು ಡೀಸೆಲ್ಲಿನದು. ಅದನ್ನು ಸಂಪೂರ್ಣವಾಗಿ ತಪ್ಪಿಸಲು ಸಾಧ್ಯವಿಲ್ಲ, ಕಡಿಮೆ ಮಾಡಲು ಖಂಡಿತ ಸಾಧ್ಯವಿದೆ.

ಖಾನಾಪುರ ತಾಲೂಕು ಭತ್ತ, ಕಬ್ಬು, ಗೆಣಸು, ಗೋಡಂಬಿ, ಕಾಯಿಪಲ್ಲೆಗಳ ನಾಡು. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿಗಳ ಕಾಡು ಮತ್ತು ಭಾರಿ ಮಳೆ; ಕಣಕುಂಬಿಯಲ್ಲಿಯೇ ಮಲಪ್ರಭೆಯ ಉಗಮ. ಪೂರ್ವಕ್ಕೆ ಬಯಲು ಭೂಮಿ. ಈ ಭಾಗದ ಮಾಲಿಗೆ ಮುಖ್ಯ ಪೇಟೆ ಬೆಳಗಾವಿ. ಅಲ್ಲಿಂದ ಕಾಯಿಪಲ್ಲೆ ದಿನವೂ ಗೋವೆಗೆ ಇಳಿಯುತ್ತದೆ, ಗೆಣಸು ದೂರದ ಊರುಗಳಿಗೆ ಹೋಗುತ್ತದೆ. ಹಿಂದೆ ಚಕ್ಕಡಿ, ಬಸ್ಸಿನ ಮಾಳಿಗೆ, ಲಾರಿಗಳ ಮೇಲೆ ಸಾಗುತ್ತಿದ್ದ ಮಾಲು ಈಗ ಬಹುಮಟ್ಟಿಗೆ ಸಣ್ಣ ಡೀಸೆಲ್ ಗಾಡಿಗಳಲ್ಲಿ ಸಾಗುತ್ತದೆ. 2005ರಲ್ಲಿ ಟಾಟಾ ಏಸ್ ಬಂದಾಗ ಜನ ಅದನ್ನು ‘ಛೋಟಾ ಹಾಥಿ’ ಎಂದೇ ಕರೆದರು. ಅನಂತರ ಅದಕ್ಕಿಂತ ಹೆಚ್ಚು ಹೇರು ಹೊರುವ ಪಿಕಪ್ ಗಾಡಿಗಳು ಹಳ್ಳಿಹಳ್ಳಿಗೂ ಬಂದವು. ಗಾಡಿ ಸ್ವಂತದ್ದಾಗಿರಲಿ, ಬಾಡಿಗೆಯದಾಗಿರಲಿ, ಅದು ಕುಡಿಯುವ ಡೀಸೆಲ್ಲಿನ ಬೆಲೆ ಕೊನೆಗೆ ರೈತನ ಮಾಲಿನ ಮೇಲೆಯೇ ಬೀಳುತ್ತದೆ.

2014ರ ಅಕ್ಟೋಬರದಲ್ಲಿ ಡೀಸೆಲ್ ಬೆಲೆಯ ಮೇಲಿನ ಸರಕಾರಿ ನಿಯಂತ್ರಣ ತೆಗೆಯಲ್ಪಟ್ಟಿತು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಬೆಲೆ ರೈತನ ಕೈಯಲ್ಲಿಲ್ಲ. ಬಳಕೆ ಅವನ ಕೈಯಲ್ಲಿದೆ.

ಮೊದಲು ಲೆಕ್ಕ

‘ನಿನ್ನ ಗಾಡಿ ಎವರೇಜ್ ಎಷ್ಟು ಕೊಡತೈತಿ?’ ಎಂದು ಕೇಳಿದರೆ ‘ಹನ್ನೆರಡು, ಹದಿಮೂರು ಕೊಡತೈತ್ರಿ’ ಎಂಬ ಅಂದಾಜಿನ ಉತ್ತರವೇ ಬರುವುದು ಹೆಚ್ಚು. ಅಳೆಯದೆ ಇದ್ದುದನ್ನು ಸುಧಾರಿಸಲು ಬರುವುದಿಲ್ಲ. ಅಳೆಯುವ ಕ್ರಮ ಸುಲಭವಾಗಿದೆ.

ಟ್ಯಾಂಕನ್ನು ತುಂಬಿಸಿ ಮೀಟರಿನ ಕಿಲೋಮೀಟರ್ ಬರೆದಿಡಬೇಕು. ಎಂದಿನಂತೆ ಗಾಡಿ ಓಡಿಸಿ, ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ಟ್ಯಾಂಕ್ ತುಂಬಿಸಬೇಕು. ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಬಳಕೆಯಾದದ್ದು. ಉದಾಹರಣೆಗೆ ಮೊದಲ ಸಲ ಮೀಟರ್ 41,200, ಎರಡನೆಯ ಸಲ 41,704. ಓಡಿದ್ದು 504 ಕಿ.ಮೀ. ತುಂಬಿದ್ದು 42 ಲೀಟರ್. ಹಾಗಾದರೆ ಲೀಟರಿಗೆ 12 ಕಿ.ಮೀ. ಇಂಥ ಮೂರು ನಾಲ್ಕು ತುಂಬುವಿಕೆಗಳ ಸರಾಸರಿ ತೆಗೆದರೆ ಗಾಡಿಯ ನಿಜವಾದ ಗುಣ ತಿಳಿಯುತ್ತದೆ. ಅರ್ಧ ಅರ್ಧ ಡೀಸೆಲ್ ಹಾಕಿಸಿ ಕಾಟಾ ನೋಡಿ ಹೇಳುವ ಲೆಕ್ಕ ಲೆಕ್ಕವಲ್ಲ.

ಇದರಿಂದ ಆಗುವ ಲಾಭವನ್ನು ರೂಪಾಯಿಯಲ್ಲಿ ನೋಡೋಣ. ಖಾನಾಪುರದಿಂದ ಬೆಳಗಾವಿಗೆ ಹೋಗಿ ಬರಲು ಸುಮಾರು 54 ಕಿ.ಮೀ. ವರ್ಷಕ್ಕೆ 300 ದಿನ ಓಡಿದರೆ 16,200 ಕಿ.ಮೀ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಗೆ 1,350 ಲೀಟರ್ ಬೇಕು. ಅದೇ ಗಾಡಿ 14 ಕಿ.ಮೀ. ಕೊಟ್ಟರೆ 1,157 ಲೀಟರ್ ಸಾಕು. ಉಳಿತಾಯ 193 ಲೀಟರ್. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 17,370 ರೂಪಾಯಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ ಗಾಳಿಗೆ ಸೇರುವ ಅರ್ಧ ಟನ್ನಿನಷ್ಟು ಹೊಗೆಯೂ ತಪ್ಪುತ್ತದೆ. ಲೀಟರಿಗೆ ಎರಡು ಕಿ.ಮೀ. ಹೆಚ್ಚಿಸಲು ಹೊಸ ಗಾಡಿ ಬೇಕಿಲ್ಲ, ಹಳೆಯ ಗಾಡಿಯಲ್ಲಿ ಸೋರಿಹೋಗುವುದನ್ನು ನಿಲ್ಲಿಸಿದರೆ ಸಾಕು.

ಡೀಸೆಲ್ ಎಲ್ಲಿಗೆ ಹೋಗುತ್ತದೆ?

ಉರಿದ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿ ಎಳೆಯುವ ಕೆಲಸಕ್ಕೆ ದೊರೆಯುತ್ತದೆ. ಉಳಿದುದು ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಬೀಳುತ್ತದೆ. ಈ ಹಾನಿಯನ್ನು ಚಾಲಕ ತಡೆಯಲಾರ. ಆದರೆ ದೊರೆತ ಮೂರನೆಯ ಪಾಲು ನಾಲ್ಕು ಕಡೆ ಹಂಚಿಹೋಗುತ್ತದೆ: ಗಾಳಿಯ ತಡೆ, ಚಕ್ರದ ತಡೆ, ಏರು ಹತ್ತುವುದು, ಬ್ರೇಕಿನಲ್ಲಿ ಸುಡುವುದು. ಈ ನಾಲ್ಕೂ ಬಹುಮಟ್ಟಿಗೆ ಚಾಲಕನ ಕೈಕಾಲುಗಳಲ್ಲಿವೆ.

ವೇಗ ಮತ್ತು ಗಿಯರ್

ಗಾಳಿಯ ತಡೆ ವೇಗದ ವರ್ಗದಷ್ಟು ಹೆಚ್ಚುತ್ತದೆ. ತಾಸಿಗೆ 50 ಕಿ.ಮೀ. ವೇಗದಲ್ಲಿ ಇದ್ದ ತಡೆ 70 ಕಿ.ಮೀ. ವೇಗದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಖಾನಾಪುರದಿಂದ ಬೆಳಗಾವಿಗೆ 27 ಕಿ.ಮೀ. ದಾರಿಯನ್ನು 70ರಲ್ಲಿ ಓಡಿಸಿದರೆ 50ರಲ್ಲಿ ಓಡಿಸುವುದಕ್ಕಿಂತ ಉಳಿಯುವುದು ಹೆಚ್ಚೆಂದರೆ ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷವೂ ಉದ್ಯಮಬಾಗದ ಸಂದಣಿಯಲ್ಲಿ ಸಿಕ್ಕಿಕೊಂಡಾಗ ಕರಗಿಹೋಗುತ್ತದೆ. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ತಾಸಿಗೆ 45ರಿಂದ 55 ಕಿ.ಮೀ. ವೇಗವನ್ನೇ ಮಿತವ್ಯಯದ ವೇಗವೆಂದು ಹೇಳುತ್ತ ಬಂದಿದೆ.

ಹೇರು ಕಟ್ಟುವ ರೀತಿಯೂ ಇಲ್ಲಿ ಮುಖ್ಯ. ಕ್ಯಾಬಿನ್ನಿಗಿಂತ ಎತ್ತರಕ್ಕೆ ಕ್ರೇಟುಗಳನ್ನು ಒಟ್ಟಿದರೆ, ತಾಡಪತ್ರಿಯ ತುದಿ ಬಿಚ್ಚಿ ಗಾಳಿಗೆ ಪಟಪಟ ಬಡಿಯುತ್ತಿದ್ದರೆ, ಗಾಡಿ ಗಾಳಿಯ ಗೋಡೆಯನ್ನೇ ದೂಡಿಕೊಂಡು ಹೋದಂತಾಗುತ್ತದೆ. ಹೇರನ್ನು ತಗ್ಗಾಗಿ, ಸಮನಾಗಿ ಹರಡಿ, ತಾಡಪತ್ರಿಯನ್ನು ಬಿಗಿಯಾಗಿ ಕಟ್ಟಬೇಕು.

ಗಿಯರಿನ ವಿಷಯದಲ್ಲಿ ಎರಡು ತಪ್ಪುಗಳು ಸಾಮಾನ್ಯ. ಕೆಳಗಿನ ಗಿಯರಿನಲ್ಲಿಯೇ ಎಂಜಿನ್ ಕಿರುಚುವವರೆಗೆ ಎಳೆಯುವುದು ಒಂದು. ಮೇಲಿನ ಗಿಯರಿನಲ್ಲಿಯೇ ಇಟ್ಟು, ಏರಿನಲ್ಲಿ ಎಂಜಿನ್ ಧಡಧಡಿಸುತ್ತಿದ್ದರೂ ಇಳಿಸದೆ ಪೆಡಲ್ ತುಳಿಯುವುದು ಇನ್ನೊಂದು. ಎರಡರಲ್ಲೂ ಡೀಸೆಲ್ ಹಾಳು. ಎಂಜಿನ್ ಹಗುರವಾಗಿ ಎಳೆಯುವ ಅತಿ ಮೇಲಿನ ಗಿಯರೇ ಸರಿಯಾದ ಗಿಯರು. ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ರೂಢಿ ಇದ್ದವರು ಅದನ್ನು ಬಿಡಬೇಕು. ಕ್ಲಚ್ ಪ್ಲೇಟ್ ಜಾರಿದಷ್ಟೂ ಡೀಸೆಲ್ ಶಾಖವಾಗಿ ಹೋಗುತ್ತದೆ, ಪ್ಲೇಟೂ ಬೇಗ ಸವೆಯುತ್ತದೆ.

ಮುಂದೆ ಎತ್ತಿನ ಗಾಡಿ, ಟ್ರ್ಯಾಕ್ಟರ್, ಶಾಲೆಯ ಮಕ್ಕಳು ಕಂಡ ಕೂಡಲೇ ಪೆಡಲಿನಿಂದ ಕಾಲು ತೆಗೆದರೆ ಗಾಡಿ ತಾನಾಗಿ ನಿಧಾನವಾಗುತ್ತದೆ. ಹತ್ತಿರ ಹೋಗಿ ಬ್ರೇಕ್ ಒತ್ತಿದರೆ ಕೂಡಿಸಿದ ವೇಗವೆಲ್ಲ ಬ್ರೇಕಿನಲ್ಲಿ ಸುಟ್ಟುಹೋಗುತ್ತದೆ; ಮತ್ತೆ ವೇಗ ಕೂಡಿಸಲು ಮತ್ತೆ ಡೀಸೆಲ್ ಬೇಕು.

ಏರು ಮತ್ತು ಇಳುಕಲು

ಬೆಳಗಾವಿ ಖಾನಾಪುರಕ್ಕಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ. ಹೇರು ಸೇರಿ ಮೂರು ಟನ್ ತೂಗುವ ಗಾಡಿಯನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಬಯಲಲ್ಲಿ ಓಡುವ ಖರ್ಚನ್ನು ಬಿಟ್ಟು, ಸುಮಾರು ಕಾಲು ಲೀಟರ್ ಡೀಸೆಲ್ ಹೆಚ್ಚಿಗೆ ಬೇಕು. ತುಂಬಿದ ಗಾಡಿ ಏರುವುದು, ಬರಿದಾದ ಗಾಡಿ ಇಳಿಯುವುದು ಈ ದಾರಿಯ ಸ್ವಭಾವ. ಆದ್ದರಿಂದ ಹೋಗುವಾಗಿನ ಎವರೇಜನ್ನು ಬರುವಾಗಿನ ಎವರೇಜಿಗೆ ಹೋಲಿಸಿ ಗಾಡಿ ಕೆಟ್ಟಿದೆ ಎಂದು ತಿಳಿಯಬಾರದು. ಹೋಗಿ ಬರುವುದನ್ನು ಕೂಡಿಸಿಯೇ ನೋಡಬೇಕು.

ಇಳುಕಲಿನ ವಿಷಯ ಇದಕ್ಕಿಂತ ಗಂಭೀರವಾದುದು. ಕಾಯಿಪಲ್ಲೆ ಹೇರಿಕೊಂಡು ಚೋರ್ಲಾ ಘಾಟ್ ಅಥವಾ ಅನಮೋಡ ಘಾಟ್ ಇಳಿಯುವ ಕೆಲವು ಚಾಲಕರು ಡೀಸೆಲ್ ಉಳಿಸುವ ಆಸೆಯಿಂದ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುತ್ತಾರೆ. ಇನ್ನು ಕೆಲವರು ಎಂಜಿನ್ನನ್ನೇ ಬಂದ್ ಮಾಡುತ್ತಾರೆ. ಇದು ಜೀವಕ್ಕೆ ಎರವಾಗುವ ಕೆಲಸ, ಜೊತೆಗೆ ಇದರಲ್ಲಿ ಉಳಿತಾಯವೂ ಇಲ್ಲ. ಗಿಯರಿನಲ್ಲಿಟ್ಟು ಪೆಡಲಿನಿಂದ ಕಾಲು ತೆಗೆದರೆ ಇಂದಿನ ಎಂಜಿನ್ನುಗಳಲ್ಲಿ ಡೀಸೆಲ್ ಸಿಡಿತವೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಎಂಜಿನ್ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ತನ್ನ ಪಾಡಿಗೆ ತಾನು ತಿರುಗಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕ್ ಕಾದು, ತಿರುವಿನಲ್ಲಿ ಕೈಕೊಡುತ್ತದೆ. ಎಂಜಿನ್ ಬಂದ್ ಮಾಡಿದರೆ ನಾಲ್ಕಾರು ಸಲ ತುಳಿಯುವಷ್ಟರಲ್ಲಿ ಬ್ರೇಕಿಗೆ ಸಿಗುವ ಸಹಾಯಕ ಬಲ ತೀರುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಏರುವಾಗ ಯಾವ ಗಿಯರು ಬೇಕೋ ಇಳಿಯುವಾಗಲೂ ಅದೇ ಗಿಯರು ಎಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿಯಾದುದು. ಗಾಡಿ ಮಾಲೀಕರು ತಮ್ಮ ಚಾಲಕರಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು. ಉಳಿತಾಯದ ಒತ್ತಾಯ ಚಾಲಕನ ಪ್ರಾಣಕ್ಕೆ ಮುಳ್ಳಾಗಬಾರದು.

ನಿಂತ ಗಾಡಿಯ ಖರ್ಚು

ಪೇಟೆಯಲ್ಲಿ ಹಮಾಲರು ಬರುವವರೆಗೆ, ಸವಾಲು ಮುಗಿಯುವವರೆಗೆ, ತೂಕದ ಕಾಟಾದ ಮುಂದೆ ಸಾಲು ಸರಿಯುವವರೆಗೆ ಎಂಜಿನ್ ಚಾಲೂ ಇಟ್ಟು ನಿಲ್ಲುವುದು ಸಾಮಾನ್ಯ. ಪಿಕಪ್ಪಿನ ಎಂಜಿನ್ ನಿಂತಲ್ಲಿಯೇ ತಾಸಿಗೆ ಸುಮಾರು ಅರ್ಧ ಲೀಟರ್ ಅಥವಾ ತುಸು ಹೆಚ್ಚು ಡೀಸೆಲ್ ಸುಡುತ್ತದೆ. ದಿನಕ್ಕೆ 40 ನಿಮಿಷದಂತೆ 300 ದಿನಕ್ಕೆ 200 ತಾಸು. ಅಂದರೆ 100 ಲೀಟರ್, 9,000 ರೂಪಾಯಿ. ಇದು ಒಂದು ಮಾರೂ ಮುಂದೆ ಸಾಗದೆ ಕಳೆದ ಹಣ. ಒಂದೆರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದಲ್ಲಿ ಎಂಜಿನ್ ಬಂದ್ ಮಾಡಬೇಕು.

ಇದಕ್ಕೊಂದು ಅಪವಾದವಿದೆ. ಟರ್ಬೋ ಇರುವ ಎಂಜಿನ್ ದೊಡ್ಡ ಏರು ಹತ್ತಿ ಬಂದ ಕೂಡಲೇ ಥಟ್ಟನೆ ಬಂದ್ ಮಾಡಬಾರದು. ಅರ್ಧ ನಿಮಿಷದಿಂದ ಒಂದು ನಿಮಿಷ ಸಣ್ಣಗೆ ತಿರುಗಲು ಬಿಟ್ಟರೆ ಟರ್ಬೋದ ಬೇರಿಂಗು ತಣಿಯುತ್ತದೆ. ಬೆಳಗಿನ ಚಳಿಯಲ್ಲಿ ಐದು ಹತ್ತು ನಿಮಿಷ ಎಂಜಿನ್ ಕಾಯಿಸುವ ರೂಢಿ ಮಾತ್ರ ಅನಾವಶ್ಯಕ. ಚಾಲೂ ಮಾಡಿ ಸ್ವಲ್ಪ ಹೊತ್ತಿಗೇ ಹೊರಟು, ಮೊದಲ ಒಂದೆರಡು ಕಿ.ಮೀ. ಮೆಲ್ಲಗೆ ಓಡಿಸಿದರೆ ಸಾಕು.

ಹವಾ, ಚಕ್ರ, ಬ್ರೇಕ್

ಹವಾ ಕಡಿಮೆಯಾದ ಟೈರ್ ಕೆಸರಿನಲ್ಲಿ ನಡೆಯುವ ಎತ್ತಿನಂತೆ ಭಾರವಾಗಿ ಉರುಳುತ್ತದೆ. ಕಣ್ಣಿಂದ ನೋಡಿ, ಕಾಲಿಂದ ಒದ್ದು ಹವಾ ತಿಳಿಯುವುದಿಲ್ಲ. ವಾರಕ್ಕೊಮ್ಮೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಗೇಜಿನಿಂದ ಅಳೆದು ನೋಡಬೇಕು. ಎಷ್ಟು ಹವಾ ಬೇಕೆಂಬುದು ಕಂಪನಿಯ ಪುಸ್ತಕದಲ್ಲಿಯೂ ಹೆಚ್ಚಿನ ಗಾಡಿಗಳ ಬಾಗಿಲ ಬದಿಯ ಪಟ್ಟಿಯಲ್ಲಿಯೂ ಬರೆದಿರುತ್ತದೆ. ಹೇರು ಹೊರುವ ಹಿಂದಿನ ಚಕ್ರಗಳಿಗೆ ಮುಂದಿನವಕ್ಕಿಂತ ಹೆಚ್ಚು ಹವಾ ಬೇಕಾಗುವುದನ್ನು ಮರೆಯಬಾರದು.

ಹತ್ತಾರು ಕಿ.ಮೀ. ಓಡಿ ನಿಂತಾಗ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಬೇಕು. ಉಳಿದವಕ್ಕಿಂತ ಒಂದು ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗು ಕೆಟ್ಟಿದೆ ಎಂದು ತಿಳಿಯಬೇಕು. ಸಮತಟ್ಟಾದ ನೆಲದಲ್ಲಿ ನ್ಯೂಟ್ರಲ್‌ನಲ್ಲಿಟ್ಟು ದೂಡಿದಾಗ ಬರಿದಾದ ಗಾಡಿ ಸಲೀಸಾಗಿ ಉರುಳಬೇಕು. ಟೈರ್ ಒಂದೇ ಬದಿಗೆ ಸವೆಯುತ್ತಿದ್ದರೆ ಚಕ್ರಗಳ ಜೋಡಣೆ ತಪ್ಪಿದೆ.

ಬೇಸಿಗೆಯ ಧೂಳು, ಮಳೆಗಾಲದ ನೀರು

ಖಾನಾಪುರ ತಾಲೂಕಿನ ಹಳ್ಳಿ ದಾರಿಗಳಲ್ಲಿ ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಎಡೆಬಿಡದ ಮಳೆ. ಎಂಜಿನ್ನಿಗೆ ಎರಡೂ ಶತ್ರುಗಳೇ.

ಗಾಳಿ ಸೋಸುವ ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಸಾಲದು. ಎಳೆತ ಕಡಿಮೆಯಾಗುತ್ತದೆ, ಚಾಲಕ ಪೆಡಲನ್ನು ಇನ್ನೂ ತುಳಿಯುತ್ತಾನೆ, ಕಪ್ಪು ಹೊಗೆ ಬರುತ್ತದೆ. ಮಣ್ಣುದಾರಿಯಲ್ಲಿ ಓಡುವ ಗಾಡಿಯ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ನೋಡಬೇಕು. ಕಾಗದದ ಫಿಲ್ಟರನ್ನು ನೀರಿನಿಂದ ತೊಳೆಯಬಾರದು, ಹರಿದಿದ್ದರೆ ಬದಲಿಸಬೇಕು. ಫಿಲ್ಟರ್ ತೆಗೆದು ಹಾಗೆಯೇ ಓಡಿಸುವುದಂತೂ ಎಂಜಿನ್ನಿಗೆ ಮರಳು ತಿನ್ನಿಸಿದಂತೆ.

ಡೀಸೆಲ್ಲಿನಲ್ಲಿ ನೀರು ಸೇರಿದರೆ ನಾಜೂಕಾದ ಪಂಪು, ಇಂಜೆಕ್ಟರುಗಳು ತುಕ್ಕು ಹಿಡಿದು ಕೆಡುತ್ತವೆ. ಅವುಗಳ ರಿಪೇರಿ ಒಂದು ವರ್ಷದ ಉಳಿತಾಯವನ್ನೆಲ್ಲ ನುಂಗಬಲ್ಲದು. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ನಿಲ್ಲುವ ಬಟ್ಟಲಿದ್ದರೆ ಅದರ ತಿರುಪು ಸಡಿಲಿಸಿ ಆಗಾಗ ನೀರು ಬಿಡಬೇಕು. ಮಳೆಗಾಲದಲ್ಲಿ ಇದು ಅತ್ಯವಶ್ಯ. ಟ್ಯಾಂಕಿನ ಮುಚ್ಚಳದ ರಬ್ಬರು ಗಟ್ಟಿಯಾಗಿರಬೇಕು. ಮನೆಯಲ್ಲಿ ಪಂಪ್‌ಸೆಟ್ಟಿಗೆಂದು ಬ್ಯಾರಲಿನಲ್ಲಿ ಹೆಚ್ಚು ದಿನ ಇಟ್ಟ ಡೀಸೆಲ್ಲಿನ ತಳದಲ್ಲಿ ನೀರು ಮತ್ತು ಗಸಿ ಇರುವುದರಿಂದ ಅದನ್ನು ಗಾಡಿಗೆ ಸುರಿಯುವುದು ಸರಿಯಲ್ಲ.

ಸೋರುವ ಪೈಪನ್ನು ‘ಹನಿ ಹನಿ ಬೀಳತೈತಿ, ಏನಾಗತೈತಿ’ ಎಂದು ಬಿಡಬಾರದು. ಸೆಕೆಂಡಿಗೆ ಒಂದು ಹನಿ ಸೋರಿದರೂ, 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ದಿನಕ್ಕೆ ನಾಲ್ಕು ಲೀಟರಿಗೂ ಮಿಗಿಲಾಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಕೂಡುವುದಕ್ಕೆ ಹೇಗೋ ಕಳೆಯುವುದಕ್ಕೂ ಹಾಗೆಯೇ.

ಹೊಗೆಯ ಭಾಷೆ

ಹೊಗೆಯ ಬಣ್ಣ ನೋಡಿ ರೋಗ ತಿಳಿಯಬಹುದು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್, ಇಂಜೆಕ್ಟರ್, ಟರ್ಬೋದ ಪೈಪು ಇವುಗಳನ್ನು ನೋಡಿಸಬೇಕು; ಅತಿಯಾದ ಹೇರೂ ಕಾರಣವಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ: ಪಿಸ್ಟನ್ ರಿಂಗುಗಳು, ವಾಲ್ವಿನ ಸೀಲು ಅಥವಾ ಟರ್ಬೋ ಸವೆದಿರಬಹುದು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ರೇಡಿಯೇಟರಿನ ನೀರು ಒಳಗೆ ಹೋಗುತ್ತಿದೆ. ಕ್ರ್ಯಾಂಕ್‌ಶಾಫ್ಟ್ ಮತ್ತು ಎರಕದ ಕೆಲಸಕ್ಕೆ ಹೆಸರಾದ ಬೆಳಗಾವಿಯಲ್ಲಿ ನುರಿತ ಮಿಸ್ತ್ರಿಗಳಿಗೆ ಕೊರತೆಯಿಲ್ಲ. ಮೊದಲ ಲಕ್ಷಣ ಕಂಡಾಗಲೇ ತೋರಿಸಿದರೆ ಖರ್ಚು ಕಡಿಮೆ.

ಹೊಸ ಗಾಡಿಗಳು ಮತ್ತು ಯೂರಿಯಾ

2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಜಾರಿಯಾಯಿತು. ಆ ಬಳಿಕದ ಹಲವು ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ತುಂಬಿದ ಮಸಿಯನ್ನು ಗಾಡಿ ಓಡುತ್ತಿರುವಾಗ ತಾನೇ ಸುಟ್ಟುಕೊಳ್ಳುತ್ತದೆ. ಬರಿ ಗಲ್ಲಿಗಳಲ್ಲಿ ನಿಂತು ನಿಂತು ಓಡುವ ಗಾಡಿಗೆ ಇದು ಸಾಧ್ಯವಾಗದೆ ದೀಪ ಹೊತ್ತಿಕೊಳ್ಳುತ್ತದೆ. ಆಗ ಕಂಪನಿಯ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಕೆಲ ಹೊತ್ತು ಓಡಿಸಬೇಕು. ದೀಪವನ್ನು ಅಲಕ್ಷಿಸಿದರೆ ಎಂಜಿನ್ ಹೆಚ್ಚು ಡೀಸೆಲ್ ಕುಡಿದು, ಕೊನೆಗೆ ಎಳೆತವನ್ನೂ ಕಳೆದುಕೊಳ್ಳುತ್ತದೆ.

ಕೆಲವು ಗಾಡಿಗಳಿಗೆ ಡಿ.ಇ.ಎಫ್. ಎಂಬ ದ್ರವಕ್ಕಾಗಿ ಬೇರೆ ಟ್ಯಾಂಕು ಇರುತ್ತದೆ. ಅದು ಅತಿ ಶುದ್ಧ ನೀರಿನಲ್ಲಿ ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ ಕರಗಿಸಿದ ದ್ರವ. ‘ಯೂರಿಯಾ ತಾನೆ, ಮನೆಯಲ್ಲಿ ಚೀಲವೇ ಐತಿ’ ಎಂದು ಹೊಲದ ಯೂರಿಯಾವನ್ನು ಬಾವಿ ನೀರಿನಲ್ಲಿ ಕರಗಿಸಿ ಹಾಕಬಾರದು. 2015ರಿಂದ ರೈತರಿಗೆ ದೊರೆಯುವ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನವಿದೆ. ಆ ಎಣ್ಣೆ ಮತ್ತು ನೀರಿನ ಲವಣಗಳು ಬೆಲೆಬಾಳುವ ಉಪಕರಣವನ್ನು ಕಟ್ಟಿಸಿ ಕೆಡಿಸುತ್ತವೆ. ಈ ದ್ರವವನ್ನು ಮರೆತೂ ಡೀಸೆಲ್ ಟ್ಯಾಂಕಿಗೆ ಸುರಿಯಬಾರದು.

ಹೇರಿನ ಲೆಕ್ಕ

ಎಲ್ಲಕ್ಕಿಂತ ದೊಡ್ಡ ಉಳಿತಾಯ ಗಾಡಿಯ ಒಳಗಿಲ್ಲ, ಹೇರಿನಲ್ಲಿದೆ. 54 ಕಿ.ಮೀ. ಓಡಾಟಕ್ಕೆ ನಾಲ್ಕೂವರೆ ಲೀಟರ್, 405 ರೂಪಾಯಿ. ಹದಿನೈದು ಕ್ವಿಂಟಲ್ ಗೆಣಸು ಹೇರಿದರೆ ಕ್ವಿಂಟಲಿಗೆ ಡೀಸೆಲ್ ಖರ್ಚು 27 ರೂಪಾಯಿ. ಐದೇ ಕ್ವಿಂಟಲ್ ಹೇರಿದರೆ 81 ರೂಪಾಯಿ. ಹೇರು ಕಡಿಮೆಯಾದಾಗ ಡೀಸೆಲ್ ಬಳಕೆ ತುಸು ಇಳಿಯುವುದು ನಿಜ. ಆದರೆ ಮೂರನೆಯ ಒಂದು ಪಾಲಿಗೆ ಇಳಿಯುವುದಿಲ್ಲ. ಒಂದೇ ಓಣಿಯ ಮೂವರು ರೈತರು ಐದೈದು ಕ್ವಿಂಟಲಿಗಾಗಿ ಮೂರು ಗಾಡಿ ಮಾಡುವ ಬದಲು ಒಂದೇ ದಿನ ಕಿತ್ತು ಒಂದೇ ಗಾಡಿಯಲ್ಲಿ ಕಳಿಸಿದರೆ ಮೂವರಿಗೂ ಲಾಭ. ಚೀಲಗಳ ಮೇಲೆ ಗುರುತು ಹಾಕಿದರೆ ಪೇಟೆಯಲ್ಲಿ ತಕರಾರು ಬರುವುದಿಲ್ಲ. ಬರುವಾಗ ಗಾಡಿ ಬರಿದಾಗಿ ಬರದಂತೆ ಗೊಬ್ಬರ, ಹಿಂಡಿ, ಬೀಜ, ಸಿಮೆಂಟುಗಳ ಖರೀದಿಯನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಕು. ರೈತ ಸಂಘಗಳು, ಸ್ವಸಹಾಯ ಗುಂಪುಗಳು ವಾರದ ದಿನಗಳನ್ನು ಗೊತ್ತು ಮಾಡಿದರೆ ಇದು ಕಷ್ಟವಲ್ಲ. ವಿಸ್ತರಣಾ ಕಾರ್ಯಕರ್ತರು ಇದರಲ್ಲಿ ಮುಂದಾಳತ್ವ ವಹಿಸಬಹುದು.

ಹಾಗೆಂದು ಮಿತಿ ಮೀರಿ ಹೇರಬಾರದು. ಮಿತಿ ಮೀರಿದ ಹೇರಿನಿಂದ ಟೈರು, ಪಟ್ಟಿ, ಕ್ಲಚ್ಚು, ಬ್ರೇಕು ಎಲ್ಲವೂ ಹಾಳು. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಅತಿ ಹೇರಿಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಮರುಳಾಗಬಾರದು

ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಮುಂತಾದವನ್ನು ‘ಎವರೇಜ್ ಹೆಚ್ಚಿಸುತ್ತವೆ’ ಎಂದು ಮಾರುವವರಿದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ. ಅವುಗಳಲ್ಲಿ ಬೆರಳೆಣಿಕೆಯವು ಮಾತ್ರ ಅತ್ಯಲ್ಪ ಉಳಿತಾಯ ತೋರಿಸಿದವು. ಸೀಮೆಎಣ್ಣೆ ಬೆರೆಸುವುದು ಕಾನೂನಿಗೆ ವಿರುದ್ಧ, ಪಂಪು ಇಂಜೆಕ್ಟರುಗಳಿಗೂ ಹಾನಿಕರ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಶೇಂಗಾ ಎಣ್ಣೆಯಿಂದ ಓಡಿತ್ತೆಂಬುದು ನಿಜ. ಆದರೆ ಅಂದಿನ ಒರಟು ಎಂಜಿನ್ ಬೇರೆ, ಇಂದಿನ ನಾಜೂಕಿನ ಇಂಜೆಕ್ಟರ್ ಬೇರೆ. ಗಾಣದ ಎಣ್ಣೆಯನ್ನು, ಹೊಂಗೆ ಎಣ್ಣೆಯನ್ನು ಹಾಗೆಯೇ ಸುರಿದರೆ ಅದರ ಮಂದತೆಯಿಂದ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ.

ಕೊನೆಯದಾಗಿ ಮಾಡಬೇಕಾದ ಕೆಲಸಗಳು ಇವು:

1. ಟ್ಯಾಂಕ್ ತುಂಬಿಸಿ ಅಳೆದು, ಪ್ರತಿ ಸಲದ ಎವರೇಜನ್ನು ವಹಿಯಲ್ಲಿ ಬರೆಯಬೇಕು.
2. ವಾರಕ್ಕೊಮ್ಮೆ ಹವಾ, ತಿಂಗಳಿಗೊಮ್ಮೆ ಏರ್ ಫಿಲ್ಟರ್ ನೋಡಬೇಕು. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ನೀರು ತೆಗೆಯಬೇಕು.
3. 45ರಿಂದ 55 ಕಿ.ಮೀ. ವೇಗ ಮೀರಬಾರದು.
4. ನಿಂತಾಗ ಎಂಜಿನ್ ಬಂದ್. ಘಾಟಿನಲ್ಲಿ ಎಂದಿಗೂ ಬಂದ್ ಇಲ್ಲ, ನ್ಯೂಟ್ರಲ್ ಇಲ್ಲ.
5. ನೆರೆಹೊರೆಯವರೊಡನೆ ಕೂಡಿ ಹೇರಬೇಕು, ಬರುವಾಗ ಬರಿದಾಗಿ ಬರಬಾರದು.

ಈ ಐದರಲ್ಲಿ ಯಾವುದಕ್ಕೂ ಸಾಲ ಬೇಕಿಲ್ಲ, ಸಬ್ಸಿಡಿ ಬೇಕಿಲ್ಲ. ಒಂದು ವಹಿ, ಒಂದು ಹವಾ ಗೇಜು ಇಷ್ಟೇ ಬಂಡವಾಳ. ಉಳಿದ ಹಣದಲ್ಲಿ ಚಾಲಕನಿಗೂ ಒಂದು ಪಾಲು ಕೊಟ್ಟರೆ ಅವನೇ ಮುಂದೆ ನಿಂತು ಉಳಿಸುತ್ತಾನೆ. ಪೇಟೆಯ ದರ ರೈತ ಹೇಳಿದಂತೆ ಕೇಳುವುದಿಲ್ಲ, ಡೀಸೆಲ್ಲಿನ ದರವೂ ಕೇಳುವುದಿಲ್ಲ. ಗಾಡಿಯಾದರೋ ಸರಿಯಾಗಿ ನೋಡಿಕೊಂಡರೆ ಅವನ ಮಾತು ಕೇಳುತ್ತದೆ.